ಕೂಸಿ ಪಲಾ, ಬೆಂಕಿ ಪಾಲಾ

ಕೆತ್ತುಲಂಪಿಯ ಜನ ಬುದ್ಧಿವಂತ ಮರವನ್ನು ಎರಡು ಕ್ರಿಸ್‌ಮಸ್ ಸಹಿಸಿಕೊಂಡರು. ಮೂರನೆಯದಕ್ಕೆ ತಾಳ್ಮೆ ಉಳಿಯಲಿಲ್ಲ.

ಬುದ್ಧಿವಂತ ಮರವೆಂದರೆ ಊರ ಚೌಕದಲ್ಲಿ ನಿಲ್ಲಿಸಿದ್ದ ಒಂದು ಉಕ್ಕಿನ ಶಂಕು. ಮೈತುಂಬ ಪುಟ್ಟ ಪುಟ್ಟ ದೀಪ, ಹೊಟ್ಟೆಯೊಳಗೆ ಕಂಪ್ಯೂಟರು, ಕಂಪ್ಯೂಟರಿಗೆ ಇಂಟರ್‌ನೆಟ್ಟು. ಯಾರು ಬೇಕಾದರೂ ಮೊಬೈಲಿನಿಂದ ಇದರ ಬಣ್ಣ ಬದಲಿಸಬಹುದು ಎಂದು ಪುರಸಭೆ ಎದೆಯುಬ್ಬಿಸಿ ಸಾರಿತ್ತು. ‘ಯಾರು ಬೇಕಾದರೂ’ ಎಂಬುದರಲ್ಲಿ ಬ್ರೆಜಿಲ್ಲಿನ ಪಡ್ಡೆ ಹುಡುಗರೂ ಸೇರುತ್ತಾರೆಂದು ಪುರಸಭೆಗೆ ಹೊಳೆದಿರಲಿಲ್ಲ. ಮೊದಲ ವಾರವೇ ಮರ ತಲೆಕೆಳಗಾದ ಕ್ಯಾರೆಟ್ ಆಯಿತು. ಆಮೇಲೆ ಐಸ್‌ಕ್ರೀಮಾಯಿತು. ಒಂದು ದಿನ ರಸ್ತೆ ರಿಪೇರಿಯವರು ಇಡುವ ಕೆಂಪು ಬಿಳಿ ಪಟ್ಟೆಯ ಶಂಕುವಾಯಿತು; ಅಂದು ಕಾರಿನವರೆಲ್ಲ ಚೌಕದಲ್ಲಿ ಗುಂಡಿ ತೋಡಿದ್ದಾರೆಂದು ತಿಳಿದು ಕೆರೆ ಸುತ್ತಿ ಮನೆಗೆ ಹೋದರು. ಎರಡನೆಯ ವರ್ಷ ಇನ್ನೂ ಚೆಂದ. ಕ್ರಿಸ್‌ಮಸ್ಸಿನ ಹಿಂದಿನ ದಿನ ಊರೆಲ್ಲ ವಾಡಿಕೆಯಂತೆ ಹಿರಿಯರ ಸಮಾಧಿಗಳಿಗೆ ದೀಪವಿಟ್ಟು ಚೌಕಕ್ಕೆ ಬಂದರೆ, ಮರ ಕಪ್ಪಗೆ ನಿಂತುಕೊಂಡು ಹೊಟ್ಟೆಯ ಮೇಲೆ ಒಂದು ಬಿಳಿ ಉಂಗುರವನ್ನು ಗಿರಗಿರ ತಿರುಗಿಸುತ್ತ, ‘ದಯವಿಟ್ಟು ಕಾಯಿರಿ, ಹೊಸ ಆವೃತ್ತಿ ಇಳಿಯುತ್ತಿದೆ’ ಎನ್ನುತ್ತಿತ್ತು. ಜನ ಕಾದರು. ಕಾಯುವುದರಲ್ಲಿ ನಮ್ಮ ಫಿನ್‌ಲೆಂಡಿನವರು ಗಟ್ಟಿಗರು. ಹೊಸ ಆವೃತ್ತಿ ಹೊಸ ವರ್ಷಕ್ಕೆ ಇಳಿದು ಮುಗಿಯಿತು.

ಹಾಗಾಗಿ ಈ ಸಲ ಉಕ್ಕನ್ನು ಕಿತ್ತು ನಿಜವಾದ ಮರವನ್ನೇ ಮತ್ತೆ ಚೌಕಕ್ಕೆ ತರುವುದೆಂದು ಪುರಸಭೆ ಒಮ್ಮತದಿಂದ ತೀರ್ಮಾನಿಸಿತು. ಆ ಸುದ್ದಿಯನ್ನು ಊರಿಗೆ ತಿಳಿಸುವ ಕೆಲಸ ಊನಾ ಕ್ಯಾರ್ನಾಳ ಪಾಲಿಗೆ ಬಂತು. ಊನಾ ಪುರಸಭೆಯ ಹೊಸ ಮಾಹಿತಿ ಅಧಿಕಾರಿ. ಕೆಲಸಕ್ಕೆ ಸೇರಿದ್ದು ಬೇಸಿಗೆಯಲ್ಲಿ, ಪ್ರೊಬೇಷನ್ ಮುಗಿಯುವುದು ಕ್ರಿಸ್‌ಮಸ್ಸಿಗೆ. ಹೆಸರು ಊನಾ ಆದರೂ ಕೆಲಸದಲ್ಲಿ ಅಲ್ಲಿಯವರೆಗೆ ಯಾವ ಊನವೂ ಇರಲಿಲ್ಲ.

ಈ ಊರಿಗೆ ಬಂದು ನೆಲೆಸಿದ ಕನ್ನಡಿಗ ನಾನು, ಇಲ್ಲೊಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಕ್ರಿಸ್‌ಮಸ್ ಮರಕ್ಕೆ ಈ ಊರಿನ ಭಾಷೆಯಲ್ಲಿ ಕೂಸಿ ಎನ್ನುತ್ತಾರೆ. ಕೇಳಲು ನಮ್ಮ ಕೂಸಿನ ಹಾಗೇ ಇದೆ, ಅದಕ್ಕೆ ಮಾಡುವ ಮುದ್ದೂ ಹಾಗೇ: ಸರ ಹಾಕುವುದೇನು, ನೆತ್ತಿಗೆ ಚುಕ್ಕಿ ಇಡುವುದೇನು, ಬೀಳದ ಹಾಗೆ ಸೊಂಟ ಹಿಡಿಯುವುದೇನು. ಪಲಾ ಎಂದರೆ ಮರಳುವುದು. ಆದರೆ ಅದೇ ಪಲಾ ಎಂದರೆ ಉರಿಯುವುದೂ ಹೌದು. ‘ಬೆಂಕಿ ಪಾಲಾಯಿತು’ ಎನ್ನುತ್ತೇವಲ್ಲ, ಆ ಪಾಲು ಎಂದು ನಾನು ನೆನಪಿಟ್ಟುಕೊಂಡಿದ್ದೇನೆ. ಮರಳುವುದೋ ಉರಿಯುವುದೋ ಎಂದು ತೀರ್ಪು ಕೊಡುವುದು ಮುಂದೆ ಬರುವ ಪದದ ಬಾಲ. ತೊರಿ ಎಂದರೆ ಚೌಕ. ತೊರಿಲ್ಲೆ ಅಂದರೆ ಚೌಕಕ್ಕೆ. ‘ಕೂಸಿ ಪಲಾ ತೊರಿಲ್ಲೆ’, ಮರ ಚೌಕಕ್ಕೆ ಮರಳುತ್ತದೆ. ತೊರಿಲ್ಲ ಅಂದರೆ ಚೌಕದಲ್ಲಿ. ‘ಕೂಸಿ ಪಲಾ ತೊರಿಲ್ಲ’, ಮರ ಚೌಕದಲ್ಲಿ ಉರಿಯುತ್ತದೆ. ನಡುವೆ ಇರುವುದು ಒಂದು ಅಕ್ಷರ.

ಊನಾ ಸೋಮವಾರ ಬೆಳಿಗ್ಗೆ ಬಸ್ಸಿಗೆ ಕಾಯುತ್ತ, ಒಂದು ಕೈಯ ಗ್ಲೌಸು ಹಲ್ಲಿನಲ್ಲಿ ಕಚ್ಚಿಕೊಂಡು, ಮರಗಟ್ಟಿದ ಹೆಬ್ಬೆರಳಿನಲ್ಲಿ ಸರಿಯಾಗಿಯೇ ತೊರಿಲ್ಲೆ ಎಂದು ಬರೆದಳು. ಅವಳ ಫೋನು ಅದನ್ನು ತೊರಿಲ್ಲ ಎಂದು ತಿದ್ದಿತು. ಫೋನನ್ನೂ ಬೈಯುವ ಹಾಗಿಲ್ಲ. ಐಸ್ ಹಾಕಿಯಲ್ಲಿ ದೇಶ ಗೆದ್ದಾಗ, ಪರದೇಶದ ಯಾವುದೋ ಮೂಲೆಯ ಪತ್ರಿಕೆಯಲ್ಲಿ ಫಿನ್‌ಲೆಂಡಿನ ಹೆಸರು ಬಂದಾಗ, ಇಲ್ಲಿಯವರೆಲ್ಲ ಇಂಟರ್‌ನೆಟ್ಟಿನಲ್ಲಿ ಬರೆಯುವುದು ಒಂದೇ ಮಾತು: ‘ತೊರಿಲ್ಲ ತವತಾನ್’, ಚೌಕದಲ್ಲಿ ಸಿಗೋಣ. ಯಾರೂ ಸಿಗುವುದಿಲ್ಲ, ಬರೆಯುತ್ತಾರೆ ಅಷ್ಟೆ. ಊನಾ ಇದನ್ನು ಎಷ್ಟು ಸಲ ಬರೆದಿದ್ದಳೆಂದರೆ ಅವಳ ಫೋನಿಗೆ ಆ ಪದ ಬಾಯಿಪಾಠವಾಗಿತ್ತು. ಬಸ್ಸು ಬಂತು, ಗುಂಡಿ ಒತ್ತಿದಳು, ಹತ್ತಿ ಕೂತಳು. ಪುರಸಭೆಯ ಲಾಂಛನದ ಕೆಳಗೆ ಪ್ರಕಟಣೆ ಹೊರಬಿತ್ತು:

‘ಶನಿವಾರ ಮಧ್ಯಾಹ್ನ ಮರ ಚೌಕದಲ್ಲಿ ಉರಿಯುತ್ತದೆ. ಮಕ್ಕಳು ಮರಿ ಸಮೇತ ಬನ್ನಿ. ಬಿಸಿ ಗ್ಲೊಗಿ ಇರುತ್ತದೆ.’

ಗ್ಲೊಗಿ ಎಂದರೆ ಬಾದಾಮಿ, ಒಣದ್ರಾಕ್ಷಿ ಹಾಕಿ ಕುಡಿಯುವ ಮಸಾಲೆ ದ್ರಾಕ್ಷಾರಸ. ಬಸ್ಸಿಳಿಯುವಷ್ಟರಲ್ಲಿ ಪ್ರಕಟಣೆಯ ಕೆಳಗೆ ಕಾಮೆಂಟು ಬರೆಯುವ ಜನ ಸಾಲುಗಟ್ಟಿದ್ದರು.

‘ಪೆಟ್ರೋಲ್ ಪುರಸಭೆಯವ್ರೇ ಕೊಡ್ತಾರಾ, ಮನೆಯಿಂದ ತರ್ಬೇಕಾ?’

‘ನಮ್ಮಜ್ಜಿಗೆ ಚಳಿ ಜಾಸ್ತಿ. ಮುಂದಿನ ಸಾಲಲ್ಲಿ ಜಾಗ ಸಿಗುತ್ತಾ?’

‘ಗ್ಲೊಗಿನ ಮರದ ಮೇಲೇ ಕಾಯಿಸ್ತೀರಾ?’

‘ಕೊನೆಗೂ ಪುರಸಭೆ ನಮ್ಮನ್ನ ಬೆಚ್ಚಗೆ ಇಡೋ ಯೋಚನೆ ಮಾಡ್ತಲ್ಲ, ಸಂತೋಷ.’

ಇದನ್ನೆಲ್ಲ ಓದಿ ಊನಾಳ ಕಿವಿ ಟೋಪಿಯೊಳಗೇ ಬಿಸಿಯಾಯಿತು. ತಿದ್ದಬೇಕೆಂದು ಬೆರಳೆತ್ತಿದ್ದಾಗಲೇ ಪುರಸಭೆಯ ಮುಖ್ಯಾಧಿಕಾರಿ ಕ್ಯೋಸ್ತಿಯ ಫೋನು ಬಂತು. ಈತನ ಮಾತು ಹೆಚ್ಚಾಗಿ ‘ಈ ಹಂತದಲ್ಲಿ’ ಎಂದೇ ಶುರುವಾಗುವುದು. ಮನೆಯಲ್ಲೂ ‘ಈ ಹಂತದಲ್ಲಿ ಉಪ್ಪು ಕೊಡು’ ಎನ್ನುತ್ತಾನಂತೆ.

“ಊನಾ, ಈ ಹಂತದಲ್ಲಿ ನಾವು ಮರ ಸುಡ್ತಿದ್ದೀವಾ?”

“ಇಲ್ಲ ಕ್ಯೋಸ್ತಿ. ಅದು ನನ್ನ ಫೋನು...”

“ಫೋನ್ ಸುಡ್ತಿದ್ದೀವಾ?”

“ಅಯ್ಯೋ, ಅಲ್ಲ. ಫೋನು ಅಕ್ಷರ ಬದ್ಲಾಯಿಸ್ಬಿಡ್ತು. ಈಗ್ಲೇ ತಿದ್ತೀನಿ, ಒಂದೇ ನಿಮಿಷ.”

“ತಿದ್ಬೇಡ! ತಿದ್ದಿದ್ರೆ ತಪ್ಪಾಗಿತ್ತು ಅಂತ ಒಪ್ಕೊಂಡ ಹಾಗಾಗತ್ತೆ. ತಿದ್ದೋದಾ ಬೇಡ್ವಾ ಅಂತ ನಿರ್ಧಾರ ಆಗ್ಬೇಕು. ಸಭೆ ಕರೀತೀನಿ.”

ಸಭೆ ಮಂಗಳವಾರ ಸೇರಿತು. ಒಂದಕ್ಷರ ತಿದ್ದುವುದು ಮಾಹಿತಿ ವಿಭಾಗದ ಕೆಲಸವೋ, ಉದ್ಯಾನ ವಿಭಾಗದ ಕೆಲಸವೋ ಎಂಬ ಚರ್ಚೆ ಕಾಫಿಯ ನಂತರವೂ ಮುಂದುವರಿಯಿತು. ಸಭೆ ನಡೆಯುವಷ್ಟು ಹೊತ್ತಿನಲ್ಲಿ ಆ ಅಕ್ಷರ ಪ್ರಪಂಚ ಪರ್ಯಟನೆಗೆ ಹೊರಟಿತ್ತು. ಮೊದಲು ಜಿಲ್ಲಾ ಪತ್ರಿಕೆಯ ಕಡೆಯ ಪುಟದ ಮೂಲೆಯಲ್ಲಿ ನಗೆಸುದ್ದಿಯಾಯಿತು. ಅಲ್ಲಿಂದ ಸ್ವೀಡನ್ನಿಗೆ ಹಾರಿತು, ಅಲ್ಲಿಯವರಿಗೆ ನಮ್ಮ ಮೇಲೆ ನಗಲು ಕಾರಣ ಸಿಕ್ಕರೆ ಸಾಕು. ಬುಧವಾರ ಬೆಳಗಿನ ಹೊತ್ತಿಗೆ ಸಮುದ್ರದಾಚೆಯ ವಿಚಿತ್ರಸುದ್ದಿಗಳ ತಾಣವೊಂದು, ‘ಫಿನ್‌ಲೆಂಡಿನ ಊರಿನಲ್ಲಿ ಮಕ್ಕಳ ಮುಂದೆ ಕ್ರಿಸ್‌ಮಸ್ ಮರದ ದಹನ’ ಎಂದು ದೊಡ್ಡಕ್ಷರದಲ್ಲಿ ಹಾಕಿತು. ಕೆತ್ತುಲಂಪಿ ಎಂದರೆ ನರಿಕೊಳ ಎಂದರ್ಥ. ಇಷ್ಟು ಸಿಕ್ಕಿದ್ದೇ ತಡ, ಉದ್ದ ಗಡ್ಡದ ಒಬ್ಬ ಪರಿಣತ ವಿಡಿಯೊ ಮಾಡಿ, ಚಳಿಗಾಲದಲ್ಲಿ ನರಿದೇವತೆಗೆ ಹಸಿರು ಮರವನ್ನು ಆಹುತಿ ಕೊಡುವುದು ಅಲ್ಲಿಯ ಬಹು ಪುರಾತನ ಪದ್ಧತಿಯೆಂದು ಗದ್ಗದ ಕಂಠದಲ್ಲಿ ವಿವರಿಸಿದ. ನಮ್ಮೂರಿನವರೇ ಅದನ್ನು ನೋಡಿ, “ಹೌದಾ? ನಮಗ್ಗೊತ್ತೇ ಇರ್ಲಿಲ್ವಲ್ಲ” ಎಂದರು.

ಪರದೇಶದಲ್ಲಿ ಹೆಸರು ಬಂತಲ್ಲ, ಇನ್ನೇನು! ದೇಶದ ಮೂಲೆ ಮೂಲೆಯಿಂದ ಜನ ಬರೆದರು: ‘ಫಿನ್‌ಲೆಂಡ್ ಹೆಸ್ರು ಬಂತು! ತೊರಿಲ್ಲ ತವತಾನ್!’ ಎಂದಿನಂತೆ ಬರೆದು ಸುಮ್ಮನಾಗಬಹುದಿತ್ತು. ಆದರೆ ಈ ಸಲ ಚೌಕ ಯಾವುದು, ದಿನ ಯಾವುದು ಎಂದು ಪುರಸಭೆಯೇ ತಿಳಿಸಿತ್ತು. ಕೆತ್ತುಲಂಪಿಯ ಒಂದೇ ಒಂದು ವಸತಿಗೃಹ ಭರ್ತಿಯಾಯಿತು. ಅದರ ಮಾಲೀಕ ಸಾವುನಾ ಎಂಬ ಉಗಿಸ್ನಾನದ ಕೋಣೆಯ ಕಟ್ಟೆಗಳನ್ನೂ ಬಾಡಿಗೆಗೆ ಬಿಟ್ಟ.

ಬುಧವಾರ ಮಧ್ಯಾಹ್ನ ರೇಡಿಯೊದ ಪಿಲ್ವಿ ಬಂದಳು. ಮೈಕು ಹಿಡಿದು ಕ್ಯೋಸ್ತಿಯನ್ನು ನೇರ ಪ್ರಸಾರದಲ್ಲೇ ಕೇಳಿದಳು: “ನಿಜ ಹೇಳು, ಇದು ಕಣ್ತಪ್ಪು ತಾನೆ?”

ಹಿಂದಿನ ದಿನವಾಗಿದ್ದರೆ ಕ್ಯೋಸ್ತಿ ಹೌದೆನ್ನುತ್ತಿದ್ದನೋ ಏನೋ. ಆದರೆ ಅಷ್ಟರಲ್ಲಿ ವಸತಿಗೃಹ ತುಂಬಿದ ಸುದ್ದಿ ಅವನಿಗೆ ಮುಟ್ಟಿತ್ತು.

“ಕಣ್ತಪ್ಪಾ?” ಎಂದು ನಕ್ಕ. “ಈ ಹಂತದಲ್ಲಿ ನಾನು ಇಷ್ಟೇ ಹೇಳ್ತೀನಿ. ಕೆತ್ತುಲಂಪಿ ಬರೆದದ್ದನ್ನ ಮಾಡತ್ತೆ. ಶನಿವಾರ, ಕೂಸಿ ಪಲಾ ತೊರಿಲ್ಲ. ಅಕ್ಷರಶಃ.”

ಪಕ್ಕದಲ್ಲೇ ನಿಂತಿದ್ದ ಊನಾ ಆ ‘ಅಕ್ಷರಶಃ’ ಕೇಳಿ ಗೋಡೆ ಹಿಡಿದುಕೊಂಡಳು. ಪಿಲ್ವಿ ಹೋದ ಮೇಲೆ ಕ್ಯೋಸ್ತಿಯೊಡನೆ ಕುಸ್ತಿಗೆ ಇಳಿದಳು.

“ಏನ್ ಹೇಳ್ಬಿಟ್ಟೆ ಕ್ಯೋಸ್ತಿ? ಮರ ಸುಡಕ್ಕಾಗತ್ತಾ? ಮಕ್ಕಳಿರ್ತಾರೆ!”

“ಸುಡೋದಾ? ಛೇ ಛೇ. ಮಕ್ಕಳ ಕಣ್ಮುಂದೆ ಕ್ರಿಸ್‌ಮಸ್ ಮರ ಸುಟ್ಟ ಮುಖ್ಯಾಧಿಕಾರಿ ಅನ್ನಿಸ್ಕೊಳ್ಳೋಕೆ ನಂಗೇನ್ ತಲೆ ಕೆಟ್ಟಿದೆಯಾ?”

“ಮತ್ತೆ ಅಕ್ಷರಶಃ ಅಂದೆ?”

“ಅಂದೆ. ಅಕ್ಷರ ನಿಂದು, ವ್ಯವಸ್ಥೆನೂ ನಿಂದೇ. ಮರ ಸುಡಬಾರ್ದು, ನಾನು ಆಡಿದ ಮಾತು ಸುಳ್ಳಾಗಬಾರ್ದು. ಎರಡೂ ಆದ್ರೆ ನೀನು ಖಾಯಂ. ಒಂದು ತಪ್ಪಿದ್ರೂ ಸೋಮವಾರದಿಂದ ಬರೋ ಶ್ರಮ ತಗೋಬೇಡ.”

ಊನಾ ಸೀದಾ ಅಗ್ನಿಶಾಮಕ ಠಾಣೆಗೆ ನಡೆದಳು. ಠಾಣೆಯ ಮುಖ್ಯಸ್ಥ ರೈಮೋ ಮಾತನ್ನು ನೀರಿನ ಹಾಗೆ ತುರ್ತಿಗೆ ಮಾತ್ರ ಬಳಸುವವನು.

“ರೈಮೋ, ಚೌಕದಲ್ಲಿ ಮರ ಸುಡ್ಬೋದಾ?”

“ಇಲ್ಲ.”

“ಬರೀ ತುದಿ?”

“ಇಲ್ಲ.”

“ಒಂದೇ ಒಂದು ಕೊಂಬೆ ಕಣೋ. ಸಾಂಕೇತಿಕವಾಗಿ.”

ರೈಮೋ ಕಾಫಿ ಲೋಟ ಕೆಳಗಿಟ್ಟ. “ಸಾಂಕೇತಿಕವಾಗಿ ಹತ್ತಿದ ಬೆಂಕಿನ ನಾನು ಎರಡು ಸಲ ಆರ್ಸಿದ್ದೀನಿ. ಎರಡು ಸಲಾನೂ ಮನೆ ಉಳೀಲಿಲ್ಲ.”

ಇದು ರೈಮೋನ ಆ ವರ್ಷದ ಅತಿ ದೀರ್ಘ ಭಾಷಣ. ಊನಾ ಅಲ್ಲಿಂದ ಹೊರಟಳು.

ಇನ್ನೊಂದು ಭಯ ಬಾಕಿಯಿತ್ತು. ಮರ ಕೊಡುತ್ತೇನೆಂದು ಒಪ್ಪಿದ್ದವಳು ಕೆರೆಯ ಆಚೆ ದಡದ ಔನೆ ತುರ್ಪೆಯ್ನೆನ್. ತನ್ನ ಅಂಗಳದ ಮರವನ್ನು ಸುಡುತ್ತಾರೆಂಬ ಸುದ್ದಿ ಕೇಳಿ ಈಕೆ ಕೊಡುವುದಿಲ್ಲ ಎಂದುಬಿಟ್ಟರೆ ಸುಡುವುದಕ್ಕೂ ಮರವಿಲ್ಲ, ಉಳಿಸುವುದಕ್ಕೂ ಮರವಿಲ್ಲ. ಔನೆ ಸಾವೊ ಸೀಮೆಯ ಹೆಂಗಸು. ಆ ಸೀಮೆಯವರಿಂದ ಹೌದು ಇಲ್ಲ ಎಂಬ ಉತ್ತರ ಹೊರಡಿಸುವುದು ಮರಳಿನಿಂದ ಎಣ್ಣೆ ಹಿಂಡಿದಂತೆ.

“ಔನೆ, ಕ್ಷಮಿಸ್ಬೇಕು,” ಎಂದಳು ಊನಾ ಬಾಗಿಲಲ್ಲೇ. “ನಿನ್ನ ಮರದ ಬಗ್ಗೆ ಏನೇನೋ ಕೇಳಿರ್ತೀಯ.”

“ಕೇಳಿದ್ದೀನಿ ಅಂದ್ರೂ ಆಯ್ತು, ಕೇಳಿಲ್ಲ ಅಂದ್ರೂ ಆಯ್ತು. ಒಳಗ್ ಬಾ. ಕಾಫಿ ಇದ್ರೂ ಇರ್ಬೋದು.”

ಕಾಫಿ ಇತ್ತು, ಬಿಸಿಬಿಸಿ ಬನ್ನೂ ಇತ್ತು.

“ನಿಂಗೆ ಬೇಜಾರಾಗಿದ್ಯಾ?”

“ಆಗಿದ್ರೂ ಆಗಿರ್ಬೋದು. ಆ ಕಿಟಕಿ ನೋಡು. ಏನ್ ಕಾಣತ್ತೆ?”

“ಮರ.”

“ಅದರ ಹಿಂದೆ ಕೆರೆ ಇದೆ ಅಂತಾರೆ. ಮದುವೆಯಾಗಿ ಬಂದಾಗ ಒಂದ್ಸಲ ನೋಡಿದ್ದೆ. ನನ್ ಗಂಡ ಸರಿಯಾಗಿ ಕಿಟಕಿ ಮುಂದೇನೇ ಸಸಿ ನೆಟ್ಟ. ಅವನೂ ಹಾಗೇ ಇದ್ದ, ಎಲ್ಲಿ ನಿಂತ್ರೂ ಏನಾದ್ರೂ ಮರೆಯಾಗೋದು. ಮರ ಹೋಗತ್ತಲ್ಲ ಅಂತ ಖುಷಿಯಾಗಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯವಳು ಬಂದು, ‘ಕೂಸಿ ಪಲಾ ಅಂತ ಹಾಕಿದ್ದಾರೆ’ ಅಂದ್ಳು. ನನ್ನೆದೆ ಧಸಕ್ ಅಂತು.”

“ಗೊತ್ತಾಯ್ತು ಔನೆ, ಸುಡೋದು ಅಂದ್ರೆ ಯಾರಿಗಾದ್ರೂ...”

“ಸುಟ್ರೆ ಸುಡ್ಲಿ ಕಣೇ! ನಾನು ಮರ ವಾಪಸ್ ಬರತ್ತೆ ಅನ್ಕೊಂಡೆ! ಇಲ್ಲಿಗೇ, ಕಿಟಕಿ ಮುಂದಕ್ಕೆ!”

ಶನಿವಾರ ಬಂತು. ಸುಡುವುದೂ ಸುಡದಿರುವುದೂ ಒಟ್ಟಿಗೆ ನಡೆಸುವ ಉಪಾಯ ಮಾತ್ರ ಊನಾಳಿಗೆ ಬರಲಿಲ್ಲ. ಕ್ರೇನು ಔನೆಯ ಮರವನ್ನು ಚೌಕದ ನಡುವೆ ಇಳಿಸಿ ನಿಲ್ಲಿಸಿತು. ಒಳ್ಳೆ ಎತ್ತರದ, ದಟ್ಟ ಕೊಂಬೆಯ, ಒಂದು ಕಡೆ ಸ್ವಲ್ಪ ಬೋಳಾದ ಮರ. ಬೋಳು ಭಾಗವನ್ನು ಪುರಸಭೆ ಕಚೇರಿಯ ಕಡೆಗೆ ತಿರುಗಿಸಿದರು. ಚೌಕ ಬೆಳಿಗ್ಗೆಯೇ ತುಂಬಿತ್ತು. ಇಷ್ಟು ಜನ ಒಬ್ಬರಿಗೊಬ್ಬರು ಇಷ್ಟು ಹತ್ತಿರ ನಿಂತದ್ದನ್ನು ಈ ಊರಿನಲ್ಲಿ ನಾನು ಅದುವರೆಗೆ ನೋಡಿರಲಿಲ್ಲ. ಕೆಲವರು ನರಿಯ ಮುಖವಾಡ ಹಾಕಿಕೊಂಡು ಬಂದಿದ್ದರು. ಗ್ಲೊಗಿಯ ಮುಂದೆ ಸಾಲು, ಸಾಸೇಜಿನ ಮುಂದೆ ಸಾಲು. ಪಿಲ್ವಿಯ ರೇಡಿಯೊ ಗಾಡಿ ಒಂದು ಕಡೆ, ಇಂಟರ್‌ನೆಟ್ಟಿಗೆ ನೇರ ಪ್ರಸಾರ ಮಾಡುವ ಕ್ಯಾಮೆರಾ ಇನ್ನೊಂದು ಕಡೆ. ರೈಮೋ ತನ್ನ ಕೆಂಪು ಲಾರಿಯನ್ನು ಮರಕ್ಕೆ ತಾಗಿಸಿಯೇ ನಿಲ್ಲಿಸಿ, ಬಾನೆಟ್ಟಿಗೆ ಒರಗಿ, ಬಂದವರ ಜೇಬುಗಳನ್ನು ದಿಟ್ಟಿಸುತ್ತಿದ್ದ.

ಊನಾ ಮೈಕಿನ ಪಕ್ಕ ನಿಂತು, ಸೋಮವಾರದಿಂದ ಯಾವ ಊರಿನಲ್ಲಿ ಕೆಲಸ ಹುಡುಕುವುದೆಂದು ಯೋಚಿಸುತ್ತಿದ್ದಳು. ಆಗ ಅವಳ ತೋಳನ್ನು ಯಾರೋ ಮೆಲ್ಲಗೆ ತಟ್ಟಿದರು. ಬೆಲ್ಜಿಯಂನ ಗಂಡ ಹೆಂಡತಿ. ಲ್ಯಾಪ್‌ಲೆಂಡಿಗೆ ಹೊರಟವರು ದಾರಿಯಲ್ಲಿ ಕ್ಯಾರವಾನು ನಿಲ್ಲಿಸಿ ಬಂದಿದ್ದರು. ಹೆಂಡತಿಯ ಕೈಯಲ್ಲಿ ಒಂದು ಖಾಲಿ ಡಬ್ಬಿ.

“ನಮ್ಮ ಆರು ತುಂಡು ಎಲ್ಲಿ ಕೊಡ್ತಾರೆ?”

“ಏನು ತುಂಡು?”

“ಅದೇ ನಮಗೂ ಗೊತ್ತಿಲ್ಲ,” ಎಂದ ಗಂಡ. “ಮೀನಾ, ಚಾಕಲೇಟಾ, ಏನೂ ಬರೆದಿಲ್ಲ. ತಲೆಗೆ ಆರಾ, ಮನೆಗೆ ಆರಾ, ಅದೂ ಇಲ್ಲ.”

ಅವನು ತನ್ನ ಫೋನು ತೋರಿಸಿದ. ಊನಾಳ ಪ್ರಕಟಣೆಯನ್ನು ಅನುವಾದದ ಯಂತ್ರ ಹೀಗೆ ತಿರುಗಿಸಿ ಕೊಟ್ಟಿತ್ತು: ‘ಶನಿವಾರ ಮಧ್ಯಾಹ್ನ ಚೌಕದಲ್ಲಿ ಆರು ತುಂಡು. ಮಕ್ಕಳು ಮರಿ ಸಮೇತ ಬನ್ನಿ.’

ಊನಾ ಒಂದು ಗಳಿಗೆ ಆ ಪರದೆಯನ್ನೇ ನೋಡಿದಳು. ಯಂತ್ರ ಹೇಳಿದ್ದು ತಪ್ಪೇನಲ್ಲ. ಕೂಸಿ ಎಂದರೆ ಮರವಷ್ಟೇ ಅಲ್ಲ, ಆರು ಎಂಬ ಸಂಖ್ಯೆಯೂ ಹೌದು. ಪಲಾ ಎಂದರೆ ತುಂಡುಗಳೂ ಹೌದು. ಇದು ಇಲ್ಲಿಯ ಮೂರು ವರ್ಷದ ಮಗುವಿಗೂ ಗೊತ್ತು, ಊನಾಳಿಗೂ ಗೊತ್ತಿತ್ತು. ಆದರೆ ಐದು ದಿನದಿಂದ ಅವಳ ಕಣ್ಣಿಗೆ ಕೂಸಿ ಎಂದರೆ ಹೊತ್ತಿ ಉರಿಯುವ ಮರವೊಂದೇ ಕಾಣುತ್ತಿತ್ತು. ಕೂಸಿ ಆರಾದರೆ, ಪಲಾ ಉರಿಯುವುದಾದರೆ, ‘ಕೂಸಿ ಪಲಾ ತೊರಿಲ್ಲ’ ಎಂದರೆ...

“ಆರು ಉರಿಯುತ್ತವೆ!” ಎಂದು ಕಿರುಚಿ ಊನಾ ಬೆಲ್ಜಿಯಂನವಳ ಎರಡೂ ಕೆನ್ನೆಗೆ ಮುತ್ತಿಟ್ಟಳು. ಡಬ್ಬಿ ಕೆಳಗೆ ಬಿತ್ತು. “ಏನು ಆರು ಅನ್ನೋದು ಬರೆದೇ ಇಲ್ಲ!”

ಎದುರಿಗಿದ್ದ ಹಾರ್ಡ್‌ವೇರ್ ಅಂಗಡಿಗೆ ಓಡಿದಳು. ಇಲ್ಲಿ ಚಳಿಗಾಲದಲ್ಲಿ ಎಲ್ಲ ಅಂಗಡಿಯಲ್ಲೂ ದಿಮ್ಮಿದೀಪ ಸಿಗುತ್ತದೆ. ಮೊಳಕಾಲೆತ್ತರದ ಒಣ ದಿಮ್ಮಿ, ನೆತ್ತಿಯಲ್ಲಿ ಅಡ್ಡಡ್ಡ ಸೀಳಿರುತ್ತದೆ; ಸೀಳಿನೊಳಗೆ ಕಡ್ಡಿ ಗೀರಿದರೆ ನಿಂತಲ್ಲೇ ಒಳಗಿಂದ ಉರಿಯುತ್ತದೆ.

“ಆರು ಕೊಡು, ಬೇಗ!”

“ಒಳಗೆ ಐದಿದೆ,” ಎಂದ ಅಂಗಡಿಯವನು. “ಬಾಗಿಲ ಹೊರಗೆ ತೋರಿಸೋಕಿಟ್ಟದ್ದು ಒಂದಿದೆ. ಹಿಮ ಕೂತಿದೆ, ಒರೆಸ್ಕೊಡ್ಲಾ?”

“ಒರೆಸ್ಬೇಡ, ಎತ್ಕೊಂಡ್ ಓಡು!”

ರೈಮೋ ದಿಮ್ಮಿಗಳನ್ನು ನೋಡಿದ, ಊನಾಳನ್ನು ನೋಡಿದ. “ಆರಾ?”

“ಆರು.”

“ಸರಿ,” ಎಂದು ಅವನೇ ಅವನ್ನು ಮರದಿಂದ ದೂರ, ಒಂದರಿಂದೊಂದು ಒಳ್ಳೆ ಅಂತರದಲ್ಲಿ ಸಾಲಾಗಿ ನಿಲ್ಲಿಸಿದ. ಅಷ್ಟರಲ್ಲಿ ಕ್ಯೋಸ್ತಿ ಕಚೇರಿಯಿಂದ ಇಳಿದು ಬಂದ. ತಲೆಯ ಮೇಲೆ ಕ್ರಿಸ್‌ಮಸ್ ಅಜ್ಜನ ಸಹಾಯಕರು ಹಾಕುವಂಥ ಕೆಂಪು ಕುಲಾವಿ. ಅದರ ಬಾಲ ಬೆನ್ನಿನ ಅರ್ಧದವರೆಗೆ ಇಳಿದಿತ್ತು, ತುದಿಯಲ್ಲೊಂದು ಬಿಳಿ ಚೆಂಡು. ಊನಾ ಕಿವಿಯಲ್ಲಿ ಉಪಾಯ ಹೇಳಿದಳು. ಅವನ ಮುಖ ಅರಳಿತು. ಅರಳಿದ್ದು ಸಾಲದೆಂದು ಬುದ್ಧಿಯನ್ನೂ ಉಪಯೋಗಿಸಿದ.

“ಇಷ್ಟು ದೂರ ದೂರ ಇಟ್ರೆ ಈ ಹಂತದಲ್ಲಿ ಕ್ಯಾಮೆರಾದಲ್ಲಿ ಆರೂ ಒಟ್ಟಿಗೆ ಬರಲ್ಲ,” ಎಂದು ದಿಮ್ಮಿಗಳನ್ನು ಕಾಲಿನಿಂದ ತಳ್ಳಿ ತಳ್ಳಿ ಹತ್ತಿರ ಸೇರಿಸಿದ. “ನಾನೇ ಹಚ್ತೀನಿ.”

ಊನಾ ಮೈಕು ತೆಗೆದುಕೊಂಡಳು. “ಕೆತ್ತುಲಂಪಿ ಪುರಸಭೆ ಬರೆದಿತ್ತು: ಕೂಸಿ ಪಲಾ ತೊರಿಲ್ಲ. ಇಗೋ ನಿಮ್ಮ ಮುಂದೆ,” ಎಂದು ದಿಮ್ಮಿಗಳತ್ತ ಕೈ ಚಾಚಿದಳು, “ಆರು!”

ಇಡೀ ಚೌಕ ಒಟ್ಟಿಗೆ ನರಳಿತು: “ಓಓಓಹ್!” ಕೆಟ್ಟ ಶ್ಲೇಷೆ ಕೇಳಿದವರ ಬಾಯಿಂದ ಹೊರಡುವ ನರಳಿಕೆ ಅದು. ನನಗೆ ಅದರ ಗುರುತು ಚೆನ್ನಾಗಿದೆ, ಮನೆಯಲ್ಲಿ ದಿನಾ ಕೇಳಿಸಿಕೊಳ್ಳುತ್ತೇನೆ. ಅದರ ಹಿಂದೆಯೇ ನಗು ಎದ್ದಿತು. ನರಿ ಮುಖವಾಡದವನೊಬ್ಬ, “ಇದಕ್ಕೆ ಮುನ್ನೂರು ಕಿಲೋಮೀಟರ್ ಬಂದ್ನಾ?” ಎಂದ. ಪಕ್ಕದ ನರಿ, “ಬಂದದ್ದು ಬಂದೆ, ಎಣಿಸ್ಕೊಂಡು ಹೋಗು. ಆರು ಇಲ್ದಿದ್ರೆ ಕಂಪ್ಲೇಂಟ್ ಕೊಡು” ಎಂದಿತು.

ಆ ಮಾತು ಕೇಳಿದ್ದೇ ಜನ ಎಣಿಸಲು ಶುರು ಮಾಡಿದರು. ಕ್ಯೋಸ್ತಿ ಮೊದಲ ದಿಮ್ಮಿಗೆ ಬೆಂಕಿಯಿಟ್ಟ. “ಒಂದು!” ಎಂದಿತು ಚೌಕ. “ಎರಡು! ಮೂರು!” ಒಣ ದಿಮ್ಮಿಗಳು ಚಟಪಟ ಎಂದು ಹತ್ತಿಕೊಂಡವು. “ನಾಲ್ಕು! ಐದು!”

ಆರನೆಯದು ಅಂಗಡಿ ಬಾಗಿಲಲ್ಲಿ ಹಿಮ ಕುಡಿದ ದಿಮ್ಮಿ. ಕ್ಯೋಸ್ತಿ ಕಡ್ಡಿ ಗೀರಿದ, ಸ್ಸ್ ಎಂದಿತು. ಇನ್ನೊಂದು ಗೀರಿದ, ಹೊಗೆಯಾಡಿತು, ಕೆಮ್ಮಿತು, ಸುಮ್ಮನಾಯಿತು.

“ಐದು ಪಲಾ!” ಎಂದು ಯಾರೋ ಹಿಂದಿನಿಂದ ಕೂಗಿದರು. “ಪ್ರಕಟಣೆ ತಪ್ಪು!”

“ತಿದ್ದಕ್ಕೆ ಸಭೆ ಕರೀರಿ!”

ಖಾಯಂ ಕೆಲಸಕ್ಕೂ ಊನಾಳಿಗೂ ನಡುವೆ ಒಂದು ಒದ್ದೆ ದಿಮ್ಮಿ. “ಊದು ಕ್ಯೋಸ್ತಿ, ಊದು!” ಎಂದಳು. ಕ್ಯೋಸ್ತಿ ಮಂಡಿಯೂರಿ, ಆರನೆಯ ದಿಮ್ಮಿಯ ಮೇಲೆ ಬಗ್ಗಿ, ಕೆನ್ನೆ ಉಬ್ಬಿಸಿ ಊದತೊಡಗಿದ. ಅವನು ಬಗ್ಗಿದಾಗ ಕುಲಾವಿಯ ಬಾಲ ಬೆನ್ನಿನಿಂದ ಜಾರಿ ಪಕ್ಕಕ್ಕೆ ಬಿತ್ತು. ಪಕ್ಕದಲ್ಲಿದ್ದದ್ದು ಐದನೆಯ ದಿಮ್ಮಿ. ಅದೂ ಅವನೇ ಕಾಲಿನಿಂದ ತಳ್ಳಿ ಹತ್ತಿರ ತಂದದ್ದು. ಬಿಳಿ ಚೆಂಡು ಭಗ್ ಎಂದಿತು.

ಕ್ಯೋಸ್ತಿಗೆ ಗೊತ್ತಾಗಲಿಲ್ಲ, ಅವನು ಊದುತ್ತಲೇ ಇದ್ದ. ಬೆಂಕಿ ಬಾಲ ಹಿಡಿದು ನೆತ್ತಿಯ ಕಡೆಗೆ ಹೊರಟಿತು. ಇಡೀ ಚೌಕ ಒಂದೇ ಗಂಟಲಿನಲ್ಲಿ ಗುಡುಗಿತು:

“ಆರು!!”

“ಹತ್ತಿತಾ?” ಎಂದು ಕ್ಯೋಸ್ತಿ ಸಂತೋಷದಿಂದ ತಲೆಯೆತ್ತಿದ.

“ಹತ್ತಿದೆ ಅಂದ್ರೂ ಆಯ್ತು,” ಎನ್ನುತ್ತ ಮುಂದಿನ ಸಾಲಿನಿಂದ ಔನೆ ಹೊರಗೆ ಬಂದು ತನ್ನ ಲೋಟದ ಗ್ಲೊಗಿಯನ್ನೆಲ್ಲ ಅವನ ನೆತ್ತಿಗೆ ಸುರಿದಳು. ಜನ ಆರು ಎಂದರು, ಔನೆ ಆರಿಸಿದಳು. ಇದರ ಸೊಗಸು ಕಂಡು ಒಬ್ಬನೇ ನಕ್ಕವನು ನಾನು. ಅಕ್ಕಪಕ್ಕದವರಿಗೆ ವಿವರಿಸಲು ಹೋಗಿ ಕೈಬಿಟ್ಟೆ. ರೈಮೋ ಪೈಪು ಎಳೆದುಕೊಂಡು ಓಡಿ ಬಂದ, ಕ್ಯೋಸ್ತಿಯ ತಲೆಯನ್ನು ಹಿಂದೆ ಮುಂದೆ ತಿರುಗಿಸಿ ಪರೀಕ್ಷಿಸಿದ. ಕೂದಲೂ ಚರ್ಮವೂ ಸುರಕ್ಷಿತ. ಕುಲಾವಿಯಲ್ಲಿ ಉಳಿದದ್ದು ಕಿವಿಯ ಸುತ್ತಲಿನ ಪಟ್ಟಿ ಮಾತ್ರ. ಹುಬ್ಬಿನ ಮೇಲೆ ಒಂದು ಬಾದಾಮಿ, ಮೂಗಿನ ತುದಿಯಲ್ಲಿ ಎರಡು ಒಣದ್ರಾಕ್ಷಿ. ಹಿಂದುಗಡೆ ಔನೆಯ ಮರ ಒಂದು ಎಲೆಯೂ ಕಂದದೆ, ಮೈತುಂಬ ದೀಪ ಹೊತ್ತು ನಿಂತಿತ್ತು.

ಪಿಲ್ವಿ ಮೈಕು ಹಿಡಿದು ಜನರನ್ನು ಸೀಳಿಕೊಂಡು ಬಂದಳು. “ನೇರ ಪ್ರಸಾರದಲ್ಲಿದ್ದೀವಿ! ಇಡೀ ದೇಶ ಕೇಳ್ತಿದೆ! ಮರ ಉಳೀತು, ಆರೂ ಉರೀತು, ಅಕ್ಷರಶಃ! ಇದೆಲ್ಲದರ ಹಿಂದೆ ಇರೋದ್ಯಾರು?”

ಕ್ಯೋಸ್ತಿ ಕಣ್ಣಿನ ಗ್ಲೊಗಿ ಒರೆಸಿಕೊಳ್ಳುತ್ತ ಬಾಯಿ ತೆರೆದ. “ಈ ಹಂತದಲ್ಲಿ...”

ಅಷ್ಟರಲ್ಲಿ ಊನಾ ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು. “ಊನಾ ಕ್ಯಾರ್ನಾ,” ಎಂದಳು ಸ್ಪಷ್ಟವಾಗಿ, ಒಂದೊಂದೇ ಅಕ್ಷರ ಬಿಡಿಸಿ. “ಕೆತ್ತುಲಂಪಿ ಪುರಸಭೆಯ ಖಾಯಂ ಮಾಹಿತಿ ಅಧಿಕಾರಿ.”

“ಖಾಯಂ?” ಎಂದ ಕ್ಯೋಸ್ತಿ.

ಪಿಲ್ವಿ ಥಟ್ಟನೆ ಮೈಕನ್ನು ಅವನ ಬಾಯಿಗೆ ತಿರುಗಿಸಿದಳು. “ಯಾಕೆ, ಅಲ್ವಾ?”

ನರಿಗಳೆಲ್ಲ ಕಿವಿ ನಿಮಿರಿಸಿದವು. ಕ್ಯೋಸ್ತಿ ಮರವನ್ನು ನೋಡಿದ, ಉರಿಯುವ ಐದನ್ನು ನೋಡಿದ, ಕೈಯಲ್ಲಿದ್ದ ಆರನೆಯದರ ಪಟ್ಟಿಯನ್ನು ನೋಡಿದ. ಮೂಗಿನಿಂದ ಒಂದು ದ್ರಾಕ್ಷಿ ಉದುರಿತು.

“ಹೌದು,” ಎಂದ. ಮೈಕಿನ ಮುಂದೆ ಅವನು ಕೊಟ್ಟ ಉತ್ತರವೊಂದು ಮೊದಲ ಸಲ ಯಾವ ಹಂತವೂ ಇಲ್ಲದೆ ಶುರುವಾಗಿ ಮುಗಿಯಿತು.

ಪಿಲ್ವಿ ಸಾಸೇಜಿನ ಸಾಲಿನ ಕಡೆಗೆ ಹೋದಳು. ಬೆಲ್ಜಿಯಂನವರು ಆ ಸಾಲಿನಲ್ಲೇ ನಿಂತು, ಮಾರುವವನ ಕೈಲಿ ಒಂದು ಸಾಸೇಜನ್ನು ಆರು ತುಂಡು ಮಾಡಿಸುತ್ತಿದ್ದರು. ಕ್ಯೋಸ್ತಿ ಊನಾಳ ಪಕ್ಕ ಬಂದು ನಿಂತ. ಗಾಳಿಗೆ ಅವನ ಒದ್ದೆ ಕೂದಲು ಅಲ್ಲಲ್ಲೇ ಹೆಪ್ಪುಗಟ್ಟಿ ಮುಳ್ಳಾಗುತ್ತಿತ್ತು.

“ನೀನು ಅದನ್ನ ರೇಡಿಯೊದಲ್ಲಿ ಹೇಳ್ಬೇಕಿತ್ತಾ?”

“ಕಚೇರಿಲಿ ಹೇಳಿದ್ರೆ ನೀನು ಸಭೆ ಕರೀತಿದ್ದೆ.”

ಕ್ಯೋಸ್ತಿ ನೆತ್ತಿ ಮುಟ್ಟಿಕೊಂಡ. “ತಲೆ ಚಳಿ ಹಿಡೀತಿದೆ,” ಎಂದ.

ಊನಾ ಅಂಗಡಿಗಳ ಸಾಲಿಗೆ ಹೋಗಿ ಅವನಿಗೊಂದು ಹೊಸ ಟೋಪಿ ತಂದಳು. ದಪ್ಪ ಉಣ್ಣೆಯದು, ಕಿವಿ ಮುಚ್ಚುವಂಥದ್ದು, ಬಾಲವಿಲ್ಲದ್ದು.